ಬರ್ನಾರ್ಡ್ ಕೇಳಿದ ಮಸೂರ, ಜೇನ್ ಹೇಳಿದ ಮಾತು

ಮಂಗಳವಾರ, ಟಸ್ಕಲೂಸಾ

ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣ ರಾಜ್ಯಗಳ ಸೇನಾಪತಿ ಜನರಲ್ ಲೀ ಶರಣಾಗುವುದಕ್ಕೆ ಐದೇ ದಿನ ಮುಂಚೆ, 1865ರ ಏಪ್ರಿಲ್ 4ರಂದು, ಉತ್ತರದ ಸೈನ್ಯ ಅಲಬಾಮಾ ವಿಶ್ವವಿದ್ಯಾಲಯಕ್ಕೆ ಬೆಂಕಿ ಇಟ್ಟಿತು. ಗ್ರಂಥಾಲಯ, ಪಾಠದ ಕೋಣೆಗಳು, ವಿದ್ಯಾರ್ಥಿಗಳ ವಸತಿ ಎಲ್ಲವೂ ಬೂದಿಯಾದವು. ಉಳಿದ ಕಟ್ಟಡಗಳನ್ನು ಬೆರಳಲ್ಲಿ ಎಣಿಸಬಹುದು. ಅವುಗಳಲ್ಲೊಂದು 1844ರಲ್ಲಿ ಕಟ್ಟಿದ ವೀಕ್ಷಣಾಲಯ. ಈಗ ಅದರ ಹೆಸರು ಮ್ಯಾಕ್ಸ್‌ವೆಲ್ ಹಾಲ್. ಇಂದು ಬೆಳಿಗ್ಗೆ ನಾನೂ ಅಮ್ಮನೂ ಮೊದಲು ಹೋಗಿದ್ದು ಅಲ್ಲಿಗೇ.

ಈ ಪ್ರವಾಸದ ಮೂಲ ಅಮ್ಮ. ಶಿವಮೊಗ್ಗದ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತಳಾದವಳು. ಅಟ್ಲಾಂಟಾದ ನಮ್ಮ ಮನೆಗೆ ಬಂದಾಗಲೆಲ್ಲ ಏನಾದರೂ ಒಂದು ಹಿಡಿದು ಓದುತ್ತಿರುತ್ತಾಳೆ. ಈ ಸಲ ಗಣಿತದಲ್ಲಿ ಡಾಕ್ಟರೇಟ್ ಪಡೆದ ಮೊದಲ ಅಮೆರಿಕನ್ ಮಹಿಳೆ ವಿನಿಫ್ರೆಡ್ ಎಡ್ಜರ್ಟನ್ ಬಗ್ಗೆ ಓದುತ್ತಿದ್ದಳು. 1886ರಲ್ಲಿ ಕೊಲಂಬಿಯಾ ಕಾಲೇಜು ಕೊಟ್ಟ ಪದವಿ. ಹೆಣ್ಣುಮಕ್ಕಳನ್ನು ತರಗತಿಯೊಳಗೇ ಬಿಡದಿದ್ದ ಕಾಲೇಜು ಅದು. "ಹಾಗಾದ್ರೆ ಈ ಹುಡುಗಿ ಬೆನ್ನಿಗೆ ನಿಂತ ಕಾಲೇಜಿನ ಪ್ರೆಸಿಡೆಂಟು ಯಾರೇ?" ಎಂದು ಕೇಳಿದಳು. ಫ್ರೆಡರಿಕ್ ಬರ್ನಾರ್ಡ್. ಆತ ಕೆಲಸ ಮಾಡಿದ ಊರುಗಳನ್ನು ಭೂಪಟದಲ್ಲಿ ಗುರುತು ಹಾಕಿದರೆ ಅವುಗಳಲ್ಲೊಂದಾದ ಟಸ್ಕಲೂಸಾ ನಮ್ಮ ಮನೆಯಿಂದ ಒಂದು ಬೆಳಗಿನ ಡ್ರೈವ್. ಮಾರ್ಚ್ ಕೊನೆಯ ವಾರ ನನಗೂ ರಜೆ ಇತ್ತು. ಹೊರಟೆವು.

ಬರ್ನಾರ್ಡ್ ಹುಟ್ಟಿದ್ದು 1809ರಲ್ಲಿ, ಮ್ಯಾಸಚೂಸೆಟ್ಸ್‌ನ ಶೆಫೀಲ್ಡ್ ಎಂಬ ಹಳ್ಳಿಯಲ್ಲಿ. 1828ರಲ್ಲಿ ಯೇಲ್ ಕಾಲೇಜಿನ ಪದವಿ, ಇಪ್ಪತ್ತೊಂದು ತುಂಬುವ ಹೊತ್ತಿಗೆ ಸ್ವಂತದ್ದೊಂದು ಅಂಕಗಣಿತದ ಪಠ್ಯ. ಆ ವಯಸ್ಸಿಗೇ ಕಿವಿ ಮಂದವಾಗತೊಡಗಿತು. ಮನೆತನದಲ್ಲೇ ಇದ್ದ ತೊಂದರೆ. ಸುಮ್ಮನೆ ಕೂರದೆ ಆತ ಕಿವುಡ ಮಕ್ಕಳ ಶಾಲೆಯಲ್ಲಿ ಮೇಷ್ಟರಾದ. ಮೊದಲು ಹಾರ್ಟ್‌ಫರ್ಡ್‌ನಲ್ಲಿ, ಆಮೇಲೆ ನ್ಯೂಯಾರ್ಕ್‌ನಲ್ಲಿ. ಮಾತು ಕೇಳದ ಮಕ್ಕಳಿಗೆ ವಾಕ್ಯರಚನೆಯನ್ನು ಚಿಹ್ನೆಗಳಲ್ಲಿ ತೋರಿಸುವ ವ್ಯಾಕರಣ ಪುಸ್ತಕವನ್ನೂ ಬರೆದ. 1838ರಲ್ಲಿ ಗಣಿತ ಮತ್ತು ಭೌತವಿಜ್ಞಾನದ ಪ್ರಾಧ್ಯಾಪಕನಾಗಿ ಈ ಟಸ್ಕಲೂಸಾಕ್ಕೆ ಬಂದ. ಆಗ ಇದು ಅಲಬಾಮಾದ ರಾಜಧಾನಿ.

ಮ್ಯಾಕ್ಸ್‌ವೆಲ್ ಹಾಲ್ ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಸುತ್ತಲಿನ ಕಂಬಗಳ ಭಾರಿ ಕಟ್ಟಡಗಳ ನಡುವೆ ಪುಟ್ಟದೊಂದು ಮನೆ, ಮೇಲೊಂದು ಗುಮ್ಮಟ. ಆದರೆ ರೈಲೇ ಸರಿಯಾಗಿ ತಲುಪದ ಊರಿಗೆ 1840ರ ದಶಕದಲ್ಲಿ ಬರ್ನಾರ್ಡ್ ಖಗೋಳ ಉಪಕರಣ ತರಿಸಿ, ಅವನ್ನು ನಿಲ್ಲಿಸಲು ಅಲುಗಾಡದ ಪಾಯ ಹಾಕಿಸಿದ್ದು ಸಣ್ಣ ಕೆಲಸವಲ್ಲ. ಆ ವರ್ಷಗಳಲ್ಲಿ ಬರ್ನಾರ್ಡ್ ಕೈಹಾಕದ ವಿಷಯವೇ ಇರಲಿಲ್ಲ. ಅಲಬಾಮಾ–ಫ್ಲಾರಿಡಾ ಗಡಿ ಗುರುತಿಸಲು ಸರ್ಕಾರ ಈತನನ್ನೇ ಖಗೋಳಜ್ಞನಾಗಿ ನೇಮಿಸಿತು. ಫೋಟೋಗ್ರಫಿ ಹುಟ್ಟಿ ಎರಡೇ ವರ್ಷವಾಗಿದ್ದ 1841ರಲ್ಲಿ, ಇದೇ ಊರಿನಲ್ಲಿ ಪಾಲುದಾರನೊಬ್ಬನ ಜೊತೆ ಛಾಯಾಚಿತ್ರದ ಅಂಗಡಿ ತೆರೆದ. ಬೆಳ್ಳಿ ಲೇಪದ ತಗಡಿಗೆ ಕ್ಲೋರಿನ್ ತಾಗಿಸಿದರೆ ಚಿತ್ರ ಬೇಗ ಮೂಡುತ್ತದೆ ಎಂದು ಕಂಡುಕೊಂಡು ವಿಜ್ಞಾನ ಪತ್ರಿಕೆಗೆ ಬರೆದ.

"ಕಿವಿ ಹೋಗ್ತಾ ಇದೆ ಅಂತ ಗೊತ್ತಾದವನು ಕಣ್ಣಿನ ಕೆಲಸವನ್ನೇ ಹಿಡಿದ, ನೋಡು" ಎಂದಳು ಅಮ್ಮ. ಅವಳಿಗೂ ಕೆಲವು ವರ್ಷಗಳಿಂದ ಕಿವಿ ಮಷೀನು. ಅವಳು ಹೇಳಿದ್ದರಿಂದ ಆ ಮಾತನ್ನು ನಾನು ಹಾಗೇ ಒಪ್ಪಿಕೊಂಡೆ.

ಅದೇ ಆವರಣದಲ್ಲಿ ಜೀವಶಾಸ್ತ್ರ ವಿಭಾಗದ ಹತ್ತಿರ ಗುಲಾಮರಾಗಿದ್ದ ಇಬ್ಬರ ಸಮಾಧಿ ಇದೆ. ಈ ವಿಶ್ವವಿದ್ಯಾಲಯ ನಡೆದದ್ದೇ ಅಂಥವರ ದುಡಿಮೆಯಿಂದ. 2004ರಲ್ಲಿ ಇಲ್ಲಿನ ಅಧ್ಯಾಪಕರ ಸಭೆ ಅದಕ್ಕಾಗಿ ಕ್ಷಮೆ ಕೇಳಿತು, ಸಮಾಧಿಯ ಬಳಿ ಫಲಕ ಹಾಕಲಾಯಿತು. ಅಮ್ಮ ಫಲಕವನ್ನು ಪೂರ್ತಿ ಓದಿ, "ನಿಮ್ಮ ಬರ್ನಾರ್ಡೂ ಗುಲಾಮರನ್ನ ಇಟ್ಕೊಂಡಿದ್ನಾ?" ಎಂದು ಕೇಳಿದಳು. ಇಟ್ಟುಕೊಂಡಿದ್ದ. ಅಲ್ಲಿಂದಾಚೆ ಆತ "ನಿಮ್ಮ ಬರ್ನಾರ್ಡ್" ಆದ.

ಬುಧವಾರ, ಆಕ್ಸ್‌ಫರ್ಡ್ ಕಡೆಗೆ

ಟಸ್ಕಲೂಸಾದಿಂದ ಮಿಸಿಸಿಪಿ ರಾಜ್ಯದ ಆಕ್ಸ್‌ಫರ್ಡ್‌ಗೆ ಹೆಚ್ಚುಕಡಿಮೆ ಮೂರು ಗಂಟೆ ದಾರಿ. ಕೊಲಂಬಸ್, ಟ್ಯುಪಿಲೊ ದಾಟಿ ಪಶ್ಚಿಮಕ್ಕೆ ತಿರುಗಬೇಕು. ರಸ್ತೆಯುದ್ದಕ್ಕೂ ಪೈನ್ ಕಾಡು, ನಡುನಡುವೆ ಎಲೆಗಿಂತ ಮುಂಚೆ ಹೂ ಬಿಟ್ಟ ರೆಡ್‌ಬಡ್ ಮರಗಳ ನೇರಳೆ. ಅಮ್ಮ ಪ್ರತಿ ಮೈಲಿಯ ಫಲಕವನ್ನೂ ಕಿಲೋಮೀಟರಿಗೆ ತಿರುಗಿಸುತ್ತ ಕೂತಿದ್ದಳು. ಬರ್ನಾರ್ಡ್ ಪಕ್ಕದಲ್ಲಿದ್ದರೆ ಖುಷಿಪಡುತ್ತಿದ್ದ. ಅಮೆರಿಕ ಮೆಟ್ರಿಕ್ ಪದ್ಧತಿಗೆ ಬರಲಿ ಎಂದು ಬಡಿದಾಡಿದವರಲ್ಲಿ ಆತ ಮುಂದಾಳು. 1873ರಲ್ಲಿ ಹುಟ್ಟಿದ ಅಮೆರಿಕನ್ ಮೆಟ್ರಲಾಜಿಕಲ್ ಸೊಸೈಟಿಯ ಅಧ್ಯಕ್ಷ, ಆ ಪದ್ಧತಿಯ ಮೇಲೆ ಪುಸ್ತಕವನ್ನೇ ಬರೆದವನು. ಅಮ್ಮ ಚಿಕ್ಕವಳಿದ್ದಾಗ ನಮ್ಮಲ್ಲಿ ಸೇರು, ಪಾವು, ಆಣೆ ಹೋಗಿ ಕಿಲೋ, ಲೀಟರು, ನಯಾಪೈಸೆ ಬಂದವು. "ಅಜ್ಜಿ ಕೊನೆವರೆಗೂ ಅಕ್ಕಿನ ಪಾವಲ್ಲೇ ಅಳೆದಳು. ಅಂಗಡಿಯವರು ಮಾತ್ರ ವರ್ಷದಲ್ಲಿ ಕಲಿತರು. ಇವರಿಗೇನು ಕಷ್ಟವಂತೆ?" ಎಂದು ಅಮ್ಮನಿಗೆ ಆಶ್ಚರ್ಯ.

ಬರ್ನಾರ್ಡ್ ಇಲ್ಲಿಗೆ ಬಂದದ್ದು 1854ರಲ್ಲಿ, ಗಣಿತ ಮತ್ತು ಖಗೋಳ ಕಲಿಸುವ ಪ್ರಾಧ್ಯಾಪಕನಾಗಿ. ಅದೇ ಹೊತ್ತಿಗೆ ಎಪಿಸ್ಕೋಪಲ್ ಚರ್ಚಿನ ದೀಕ್ಷೆಯನ್ನೂ ಪಡೆದಿದ್ದ. 1856ರಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯದ ಅಧ್ಯಕ್ಷನಾದ, ಎರಡು ವರ್ಷದಲ್ಲಿ ಆ ಹುದ್ದೆಗೆ ಕುಲಪತಿ ಎಂಬ ಹೆಸರು ಬಂತು. ಸಣ್ಣ ಊರಿನ ಕಾಲೇಜನ್ನು ದೇಶದ ದೊಡ್ಡ ವಿಜ್ಞಾನ ಕೇಂದ್ರವಾಗಿಸುವುದು ಆತನ ಹಂಬಲ.

ಸಂಜೆ ಹೊತ್ತಿಗೆ ಆ ಹಂಬಲದ ಎದುರಿಗೇ ನಿಂತಿದ್ದೆವು. ಬರ್ನಾರ್ಡ್ ವೀಕ್ಷಣಾಲಯ ಮುಗಿದದ್ದು 1859ರಲ್ಲಿ. ರಷ್ಯಾದ ಪುಲ್ಕೊವೊ ವೀಕ್ಷಣಾಲಯದ ಮಾದರಿ, ನಡುವೆ ದೊಡ್ಡ ಗುಮ್ಮಟ, ಎರಡು ಪಕ್ಕಕ್ಕೂ ಒಂದೊಂದು ಚಿಕ್ಕದು. ಆಗ ಅಮೆರಿಕದ ಅತಿ ದೊಡ್ಡ ದೂರದರ್ಶಕ ಹಾರ್ವರ್ಡ್‌ನಲ್ಲಿತ್ತು, ಹದಿನೈದು ಇಂಚಿನದು. ಪುಲ್ಕೊವೊದಲ್ಲಿ ಇದ್ದದ್ದೂ ಅಷ್ಟೇ ಅಗಲದ್ದು. ಬರ್ನಾರ್ಡ್ ಮ್ಯಾಸಚೂಸೆಟ್ಸ್‌ನ ಆಲ್ವನ್ ಕ್ಲಾರ್ಕ್ ಮತ್ತು ಮಕ್ಕಳಿಗೆ ಹತ್ತೊಂಬತ್ತು ಇಂಚಿನ ಗಾಜಿಗೆ ಆರ್ಡರ್ ಕೊಟ್ಟ. ಜಗತ್ತಿನಲ್ಲೇ ಅಷ್ಟು ದೊಡ್ಡ ಮಸೂರದ ದೂರದರ್ಶಕ ಹತ್ತಿ ಬೆಳೆಯುವ ಈ ಬೆಟ್ಟದೂರಿಗೆ ಬರುವುದಿತ್ತು.

ಬರಲೇ ಇಲ್ಲ. ನಡುವಿನ ಗುಮ್ಮಟ ಯಾವುದಕ್ಕಾಗಿ ಎದ್ದಿತೋ ಅದು ಇಲ್ಲಿಗೆ ತಲುಪಲೇ ಇಲ್ಲ. ಕಟ್ಟಡದಲ್ಲಿ ಈಗ ದಕ್ಷಿಣದ ಸಂಸ್ಕೃತಿಯ ಅಧ್ಯಯನ ಕೇಂದ್ರವಿದೆ.

ಗುರುವಾರ, ಆಕ್ಸ್‌ಫರ್ಡ್

ವಿಶ್ವವಿದ್ಯಾಲಯದ ಮ್ಯೂಸಿಯಮ್ಮಿನಲ್ಲಿ ಮಿಲಿಂಗ್‌ಟನ್–ಬರ್ನಾರ್ಡ್ ಸಂಗ್ರಹ ಎಂಬ ವಿಭಾಗ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಭೌತವಿಜ್ಞಾನ ಕಲಿಸಲು ತರಿಸಿದ ಉಪಕರಣಗಳು, ಐನೂರರಷ್ಟು. ಜಾನ್ ಮಿಲಿಂಗ್‌ಟನ್ ಬರ್ನಾರ್ಡ್‌ಗಿಂತ ಮುಂಚೆ ಇಲ್ಲಿ ವಿಜ್ಞಾನ ಕಲಿಸಿದವನು. ಅಮ್ಮ ಒಂದೊಂದು ಕಪಾಟಿನ ಮುಂದೆಯೂ ಬಗ್ಗಿ ನಿಂತು ನೋಡಿದಳು. ಹಿತ್ತಾಳೆಯ ತಿರುಪು, ಬೆರಳು ತಾಗಿ ನುಣುಪಾದ ಹಿಡಿ, ಮರದ ಪೀಠಕ್ಕೆ ಬಿಗಿದ ಗಾಜಿನ ಬುರುಡೆ. ಗ್ರಹಗಳ ಚಲನೆ ತೋರಿಸುವ ಯಂತ್ರದ ಹತ್ತಿರವಂತೂ ಬಹಳ ಹೊತ್ತು ನಿಂತಳು. ಹಲ್ಲುಚಕ್ರಕ್ಕೆ ಹಲ್ಲುಚಕ್ರ ಸೇರಿ ಹಿತ್ತಾಳೆಯ ಒಂದೊಂದು ತೋಳೂ ತನ್ನದೇ ವೇಗದಲ್ಲಿ ಸುತ್ತುವ ಹಾಗೆ ಜೋಡಿಸಿದ್ದಾರೆ. "ಹಲ್ಲು ಎಣಿಸಿದ್ರೆ ಅನುಪಾತ ಸಿಗತ್ತೆ. ನನ್ನ ಕ್ಲಾಸಿಗೆ ಇದು ಸಿಕ್ಕಿದ್ದಿದ್ರೆ!" ಎಂದಳು. ಬಟ್ಟೆಯಂಗಡಿಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಸೌರವ್ಯೂಹ ಬರೆದು ಕಲಿಸಿದವಳು ಅವಳು. ಹತ್ತಿ ಮಾರಿದ ದುಡ್ಡು ಇದನ್ನೆಲ್ಲ ಕೊಂಡಿತು, ಹತ್ತಿ ಬಿಡಿಸಿದವರು ಗುಲಾಮರು, ಎಂಬುದೂ ಅಲ್ಲಿ ನಿಂತಾಗ ನೆನಪಾಗದೆ ಇರುವುದಿಲ್ಲ.

ಇನ್ನು ಜೇನ್ ವಿಷಯ.

1859ರ ಮೇ ತಿಂಗಳು. ಬರ್ನಾರ್ಡ್ ದಂಪತಿ ಊರಲ್ಲಿರಲಿಲ್ಲ. ಇಬ್ಬರು ವಿದ್ಯಾರ್ಥಿಗಳು ಕುಲಪತಿಯ ಮನೆಗೆ ನುಗ್ಗಿದರು. ಒಬ್ಬ ಮನೆಯಲ್ಲಿದ್ದ ಗುಲಾಮ ಹೆಂಗಸು ಜೇನ್ ಮೇಲೆ ಎರಗಿದ. ವಾರಗಟ್ಟಲೆ ಮಾಯದ ಹಾಗೆ ಹೊಡೆದಿದ್ದ. ಜೇನ್‌ಗೆ ಅಡ್ಡಹೆಸರು ಯಾವ ದಾಖಲೆಯಲ್ಲೂ ನನಗೆ ಸಿಕ್ಕಿಲ್ಲ. ಬರ್ನಾರ್ಡ್ ಹಿಂತಿರುಗಿದ ಮೇಲೆ ಯಾರು ಮಾಡಿದ್ದು ಎಂದು ಆಕೆ ಹೇಳಿದಳು. ಬರ್ನಾರ್ಡ್ ನಂಬಿದ. ಅಧ್ಯಾಪಕರ ಸಭೆ ಸೇರಿಸಿದ. ಸಭೆಯ ಬಹುಮತದ ತೀರ್ಮಾನ ಓದಿದರೆ ಈಗಲೂ ಮೈ ಉರಿಯುತ್ತದೆ: ಹುಡುಗ ತಪ್ಪಿತಸ್ಥ ಎಂದು ಮನಸ್ಸಿಗೆ ಖಚಿತವಾಗಿದೆ, ಆದರೆ ಕಾನೂನಿಗೆ ಸಾಲುವ ಸಾಕ್ಷ್ಯ ಇಲ್ಲ. ಬಿಳಿಯನ ವಿರುದ್ಧ ಗುಲಾಮರ ಮಾತು ಮಿಸಿಸಿಪಿಯಲ್ಲಿ ಸಾಕ್ಷ್ಯವೇ ಅಲ್ಲ.

ಬರ್ನಾರ್ಡ್ ಹುಡುಗನ ಪೋಷಕರಿಗೆ ಬರೆದು ಅವನನ್ನು ಕಾಲೇಜಿನಿಂದ ಬಿಡಿಸಿದ. ಮತ್ತೆ ಸೇರಲು ಬಂದಾಗ ಸೇರಿಸಲಿಲ್ಲ. ಊರಲ್ಲಿ ಗುಸುಗುಸು ಎದ್ದಿತು. ಉತ್ತರದಿಂದ ಬಂದವನು, ಗುಲಾಮಳ ಮಾತು ಕೇಳಿ ಬಿಳಿ ಹುಡುಗನನ್ನು ಹೊರಹಾಕಿದ, ಗುಲಾಮಗಿರಿಯ ವಿಷಯದಲ್ಲಿ ಈತ ನೆಚ್ಚುವ ಆಸಾಮಿಯಲ್ಲ ಎಂದರು. ಬರ್ನಾರ್ಡ್ ತಾನೇ ವಿಚಾರಣೆ ಬೇಡಿದ. 1860ರ ಮಾರ್ಚ್‌ನಲ್ಲಿ ಆಡಳಿತ ಮಂಡಳಿ ಸೇರಿತು. ಅಲ್ಲಿ ಆತ ಕೊಟ್ಟ ಸಮರ್ಥನೆ ಏನು? ತಾನೂ ಗುಲಾಮರ ಒಡೆಯ, ಆ ಪದ್ಧತಿಯ ಬಗ್ಗೆ ತನ್ನ ನಿಷ್ಠೆಯಲ್ಲಿ ಕೊರತೆ ಇಲ್ಲ ಎಂದು. ಮಂಡಳಿ ಆತನನ್ನು ದೋಷಮುಕ್ತ ಎಂದಿತು. ಜೇನ್‌ಗೆ ಆದದ್ದರ ವಿಚಾರಣೆ ಅದಾಗಿರಲಿಲ್ಲ. ನಡೆದದ್ದು ಬರ್ನಾರ್ಡ್ ಆಕೆಯನ್ನು ನಂಬಿದ್ದು ಸರಿಯೇ ಎಂಬುದರ ವಿಚಾರಣೆ.

ಲೈಸಿಯಮ್ ಎಂಬ ಹಳೆಯ ಮುಖ್ಯ ಕಟ್ಟಡದ ಮೆಟ್ಟಿಲ ಮೇಲೆ ಕೂತು ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಅವಳು ಕಿವಿ ಮಷೀನು ಸರಿಮಾಡಿಕೊಂಡು ಮತ್ತೊಮ್ಮೆ ಹೇಳು ಎಂದಳು. ಹೇಳಿದೆ.

"ಚೆನ್ನಾಗಿ ನೋಡ್ಕೊಂಡ್ನೋ ಬಿಟ್ನೋ, ಬಿಡುಗಡೆ ಮಾಡಬಹುದಿತ್ತಲ್ಲ ಅವಳನ್ನ?"

"ಮಾಡಲಿಲ್ಲಮ್ಮ."

"ಮತ್ತೆ ಅವಳಿಗೇನಾಯ್ತು?"

ನನ್ನ ಬಳಿ ಉತ್ತರವಿರಲಿಲ್ಲ.

1861ರಲ್ಲಿ ಯುದ್ಧ ಶುರುವಾದಾಗ ವಿದ್ಯಾರ್ಥಿಗಳೆಲ್ಲ ಸೈನ್ಯ ಸೇರಿದರು, ಕಾಲೇಜು ಖಾಲಿಯಾಯಿತು. ಬರ್ನಾರ್ಡ್ ರಾಜೀನಾಮೆ ಕೊಟ್ಟ. ದಕ್ಷಿಣದ ಸರ್ಕಾರ ಕೊಟ್ಟ ಕೆಲಸವನ್ನು ಒಲ್ಲೆ ಎಂದ. ವರ್ಜೀನಿಯಾದ ನಾರ್ಫೋಕ್‌ನಲ್ಲಿ ಸಿಕ್ಕಿಕೊಂಡಿದ್ದವನು 1862ರ ಮೇನಲ್ಲಿ ಆ ಊರು ಉತ್ತರದವರ ಕೈಗೆ ಬಂದ ಮೇಲೆ ವಾಷಿಂಗ್‌ಟನ್ ಸೇರಿ, ಕರಾವಳಿ ಸರ್ವೇ ಇಲಾಖೆಯಲ್ಲಿ ನಕ್ಷೆಗಳ ಕೆಲಸ ಹಿಡಿದ. ತಮ್ಮ ಜಾನ್ ಬರ್ನಾರ್ಡ್ ಉತ್ತರದ ಸೈನ್ಯದ ಎಂಜಿನಿಯರ್, ವಾಷಿಂಗ್‌ಟನ್ ಸುತ್ತ ಕೋಟೆ ಕಟ್ಟಿಸಿದವನು. 1863ರಲ್ಲಿ ಅಣ್ಣ "ಒಬ್ಬ ನಿರಾಶ್ರಿತ" ಎಂದು ಸಹಿ ಹಾಕಿ ಅಧ್ಯಕ್ಷ ಲಿಂಕನ್‌ಗೆ ಬಹಿರಂಗ ಪತ್ರ ಪ್ರಕಟಿಸಿ ದಕ್ಷಿಣದ ಬಂಡಾಯವನ್ನು ಕಟುವಾಗಿ ಖಂಡಿಸಿದ. ಮೂರು ವರ್ಷದ ಹಿಂದೆ ಮಂಡಳಿಯ ಮುಂದೆ ಆಡಿದ ಮಾತಿಗೂ ಈ ಪತ್ರಕ್ಕೂ ನಡುವೆ ಆತನ ಮನಸ್ಸು ಬದಲಾಯಿತೋ, ಊರು ಬದಲಾದದ್ದಕ್ಕೆ ಮಾತು ಬದಲಾಯಿತೋ? ಎರಡೂ ಇರಬಹುದು ಎಂದು ನನಗನ್ನಿಸುತ್ತದೆ. ಬರೀ ಎರಡನೆಯದೇ ಎಂದು ಅಮ್ಮ.

ಶುಕ್ರವಾರ, ಶಿಕಾಗೊ

ಮೆಂಫಿಸ್‌ನಲ್ಲಿ ಬೆಳಗಿನ ವಿಮಾನ ಹಿಡಿದು ಬಂದೆವು. ಬರ್ನಾರ್ಡ್ ಇಲ್ಲಿ ಬದುಕಿದವನಲ್ಲ. ಆತ ಕೇಳಿದ ಮಸೂರ ಇಲ್ಲಿದೆ.

ಯುದ್ಧ ಶುರುವಾದಾಗ ಗಾಜು ಇನ್ನೂ ಕ್ಲಾರ್ಕ್ ಕಾರ್ಖಾನೆಯಲ್ಲೇ ಇತ್ತು. ಮಿಸಿಸಿಪಿಯಿಂದ ದುಡ್ಡೂ ಬರುವಂತಿರಲಿಲ್ಲ, ಅಲ್ಲಿಗೆ ಸಾಮಾನೂ ಹೋಗುವಂತಿರಲಿಲ್ಲ. 1862ರ ಜನವರಿ 31ರ ರಾತ್ರಿ ಕಿರಿಯ ಮಗ ಆಲ್ವನ್ ಗ್ರಹಾಂ ಕ್ಲಾರ್ಕ್ ಮಸೂರವನ್ನು ಪರೀಕ್ಷಿಸಲು ಲುಬ್ಧಕ ನಕ್ಷತ್ರದ ಕಡೆ ತಿರುಗಿಸಿದ. ಆಕಾಶದಲ್ಲಿ ಅದಕ್ಕಿಂತ ಪ್ರಖರವಾದ ನಕ್ಷತ್ರವಿಲ್ಲ, ಮಸೂರದಲ್ಲಿ ದೋಷವಿದ್ದರೆ ಅಲ್ಲೇ ಕಾಣುತ್ತದೆ. ಲುಬ್ಧಕದ ಪಕ್ಕದಲ್ಲೇ ಬಲು ಮಂಕಾದ ಒಂದು ಚುಕ್ಕೆ. ಗಾಜಿನ ದೋಷವಲ್ಲ, ಇನ್ನೊಂದು ನಕ್ಷತ್ರ. ಹದಿನೆಂಟು ವರ್ಷದ ಹಿಂದೆ, 1844ರಲ್ಲಿ, ಜರ್ಮನ್ ಗಣಿತಜ್ಞ ಬೆಸೆಲ್ ಲುಬ್ಧಕದ ನಡೆಯಲ್ಲಿ ಓಲಾಟ ಕಂಡು, ಕಾಣದ ಸಂಗಾತಿಯೊಂದು ಅದನ್ನು ಎಳೆಯುತ್ತಿದೆ ಎಂದು ಲೆಕ್ಕದಿಂದಲೇ ಹೇಳಿದ್ದ. ಅದು ಈಗ ಕಣ್ಣಿಗೆ ಬಿತ್ತು. ಲುಬ್ಧಕ ಬಿ ಎಂದು ಕರೆಯುವ ಈ ಸಂಗಾತಿ ಒಂದು ಶ್ವೇತ ಕುಬ್ಜ, ಅಂದರೆ ಉರಿದು ಮುಗಿದು ಕುಗ್ಗಿದ ನಕ್ಷತ್ರ, ಎಂದು ತಿಳಿದದ್ದು ಮುಂದಿನ ಶತಮಾನದಲ್ಲಿ. ಭೂಮಿಯಷ್ಟೇ ಗಾತ್ರ, ಸೂರ್ಯನಷ್ಟು ತೂಕ. ಅಂಥ ನಕ್ಷತ್ರಗಳ ತೂಕಕ್ಕೆ ಮಿತಿಯುಂಟು ಎಂದು ಲೆಕ್ಕಹಾಕಿದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಬಾಳಿದ್ದೂ ಇದೇ ಶಿಕಾಗೊದಲ್ಲಿ.

1863ರಲ್ಲಿ ಶಿಕಾಗೊದ ಖಗೋಳಾಸಕ್ತರು ಮಸೂರ ಕೊಂಡರು. ಹಾರ್ವರ್ಡ್‌ನವರಿಗೂ ಅದರ ಮೇಲೆ ಕಣ್ಣಿತ್ತು. ದೂರದರ್ಶಕದ ಮೂಲ ಕೊಳವೆ ಮತ್ತು ಪೀಠ ಆಡ್ಲರ್ ತಾರಾಲಯದಲ್ಲಿವೆ. ಮಧ್ಯಾಹ್ನ ಅದನ್ನು ನೋಡಿದೆವು. ಮಸೂರ ಮಾತ್ರ ಎವನ್‌ಸ್ಟನ್‌ನಲ್ಲಿ, ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಡಿಯರ್‌ಬಾರ್ನ್ ವೀಕ್ಷಣಾಲಯದ ದೂರದರ್ಶಕದಲ್ಲಿ ಇಂದಿಗೂ ಕೆಲಸ ಮಾಡುತ್ತಿದೆ. ಶುಕ್ರವಾರ ರಾತ್ರಿ ಯಾರು ಬೇಕಾದರೂ ಬಂದು ನೋಡಬಹುದು. ಅದಕ್ಕಾಗಿಯೇ ಶಿಕಾಗೊವನ್ನು ಶುಕ್ರವಾರಕ್ಕೆ ಹೊಂದಿಸಿದ್ದೆ.

ಸರೋವರದ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಗುಮ್ಮಟದೊಳಗೆ ಬಿಸಿ ಇಡುವಂತಿಲ್ಲ, ಒಳಗಿನ ಗಾಳಿ ಬೆಚ್ಚಗಾದರೆ ನಕ್ಷತ್ರ ನಡುಗುತ್ತದೆ. ಅಮ್ಮ ಎರಡು ಸ್ವೆಟರಿನ ಮೇಲೆ ಶಾಲು ಸುತ್ತಿಕೊಂಡು ಸಾಲಿನಲ್ಲಿ ನಿಂತಳು. ಮೊದಲು ಎಲ್ಲರಿಗೂ ಮಹಾವ್ಯಾಧದ ನೀಹಾರಿಕೆ ತೋರಿಸಿದರು. ಜನ ಕರಗಿದ ಮೇಲೆ ಅಲ್ಲಿದ್ದ ವಿದ್ಯಾರ್ಥಿನಿಯನ್ನು ಲುಬ್ಧಕ ತೋರಿಸಬಹುದೇ ಎಂದು ಅಮ್ಮ ಕೇಳಿದಳು. ನೈರುತ್ಯದಲ್ಲಿ ಇನ್ನೂ ಎತ್ತರದಲ್ಲೇ ಇತ್ತು. ದೂರದರ್ಶಕ ತಿರುಗಿತು. ಅಮ್ಮ ಏಣಿ ಹತ್ತಿ ಕಣ್ಣಿಟ್ಟಳು. ಕನ್ನಡಕ ಹಾಕಿ ನೋಡಿದಳು, ತೆಗೆದು ನೋಡಿದಳು. ನಾನು ನೋಡಿದಾಗ ಕಂಡದ್ದು ಕಣ್ಣು ಕುಕ್ಕುವ ನೀಲಿ-ಬಿಳಿ ಬೆಳಕು, ಅದರ ಸುತ್ತ ಚಿಮ್ಮುವ ಮುಳ್ಳುಗಳು. ಸಂಗಾತಿ ಕಾಣಲಿಲ್ಲ. ಐವತ್ತು ವರ್ಷಕ್ಕೊಂದು ಸುತ್ತು ಹಾಕುವ ಜೋಡಿ ಈಗ ಸಾಕಷ್ಟು ದೂರ ದೂರ ಇರುವ ಕಾಲವೇ, ಆದರೂ ನಗರದ ಮೇಲಿನ ಅಲುಗಾಡುವ ಗಾಳಿಯಲ್ಲಿ ಹತ್ತು ಸಾವಿರ ಪಟ್ಟು ಮಂಕಾದ ಚುಕ್ಕೆ ಹುಡುಕುವುದು ಕಷ್ಟ ಎಂದು ಆ ಹುಡುಗಿ ವಿವರಿಸಿದಳು. ಅಮ್ಮನಿಗೆ ಬೇಸರವಿರಲಿಲ್ಲ. "ಅದೇ ಗಾಜು, ಅದೇ ನಕ್ಷತ್ರ" ಎಂದು ದಾರಿಯುದ್ದಕ್ಕೂ ಹೇಳಿದಳು.

ಶನಿವಾರ, ನ್ಯೂಯಾರ್ಕ್

ಮ್ಯಾಡಿಸನ್ ಅವೆನ್ಯೂ, 49ನೇ ಬೀದಿ. ಈಗ ಕಚೇರಿ ಗೋಪುರಗಳು, ಅಂಗಡಿಗಳು, ಪಕ್ಕದಲ್ಲೇ ಸೇಂಟ್ ಪ್ಯಾಟ್ರಿಕ್ಸ್ ಕ್ಯಾಥೆಡ್ರಲಿನ ಬೆನ್ನು. ನೋಡಲು ಏನೂ ಉಳಿದಿಲ್ಲದ ಈ ಮೂಲೆಗೆ ಬರಲೇಬೇಕು ಎಂದು ನಾನು ಹಟ ಹಿಡಿದದ್ದಕ್ಕೆ ಕಾರಣವಿದೆ. 1830ರ ದಶಕದಲ್ಲಿ ನ್ಯೂಯಾರ್ಕಿನ ಕಿವುಡ ಮಕ್ಕಳ ಶಾಲೆ ಇದ್ದದ್ದು ಇಲ್ಲೇ. ಇಪ್ಪತ್ತರ ಹರೆಯದ ಬರ್ನಾರ್ಡ್ ಪಾಠ ಮಾಡಿದ್ದೂ ಇಲ್ಲೇ. ಶಾಲೆ ಬೇರೆಡೆಗೆ ಹೋಯಿತು, 1857ರಲ್ಲಿ ಆ ಜಾಗಕ್ಕೆ ಕೊಲಂಬಿಯಾ ಕಾಲೇಜು ಬಂತು. 1864ರಲ್ಲಿ ಕೊಲಂಬಿಯಾದ ಅಧ್ಯಕ್ಷನಾಗಿ ಬರ್ನಾರ್ಡ್ ಮತ್ತೆ ಅದೇ ಜಾಗಕ್ಕೆ ಬಂದ. ಈಗ ಕಿವಿ ಬಹುಪಾಲು ಹೋಗಿತ್ತು. ಸಭೆಗಳಲ್ಲಿ ಕಿವಿಗೆ ತುತ್ತೂರಿ ಹಿಡಿದು ಕೂರುತ್ತಿದ್ದ.

ಇಪ್ಪತ್ತೈದು ವರ್ಷ ಆಳಿದ. ಗ್ರೀಕು, ಲ್ಯಾಟಿನ್ನು ಕಂಠಪಾಠ ಮಾಡಿಸುವ ಸಣ್ಣ ಕಾಲೇಜಾಗಿದ್ದದ್ದು ಈತನ ಕಾಲದಲ್ಲಿ ಗಣಿ ವಿಜ್ಞಾನ, ರಾಜ್ಯಶಾಸ್ತ್ರಗಳ ಶಾಲೆಗಳಿರುವ ವಿಶ್ವವಿದ್ಯಾಲಯವಾಗುವ ದಾರಿ ಹಿಡಿಯಿತು. ಆಡಳಿತದ ಈ ಭಾಗ ಯಾವ ಚರಿತ್ರೆಯಲ್ಲೂ ಸಿಗುತ್ತದೆ. ನಮಗೆ ಬೇಕಿದ್ದದ್ದು 1879ರ ವಾರ್ಷಿಕ ವರದಿ. ಅದರಲ್ಲಿ ಆತ ಹೆಣ್ಣುಮಕ್ಕಳನ್ನು ಗಂಡುಮಕ್ಕಳ ಜೊತೆಯಲ್ಲೇ, ಅದೇ ತರಗತಿಗೆ ಸೇರಿಸಿಕೊಳ್ಳಬೇಕು ಎಂದು ಬರೆದ. ಆಡಳಿತ ಮಂಡಳಿ ಬೇಡವೆಂದಿತು. ಮರುವರ್ಷ ಮತ್ತೆ ಬರೆದ. ಅದರ ಮರುವರ್ಷ ಮತ್ತೆ. 1883ರಲ್ಲಿ ಮಂಡಳಿ ಒಂದು ವಿಚಿತ್ರ ರಾಜಿಗೆ ಬಂತು: ಹೆಣ್ಣುಮಕ್ಕಳು ಪರೀಕ್ಷೆ ಬರೆಯಬಹುದು, ಪಾಠಕ್ಕೆ ಬರುವಂತಿಲ್ಲ.

"ಪಾಠ ಕೇಳದೆ ಪರೀಕ್ಷೆ! ನಮ್ಮ ಕಾಲದಲ್ಲಿ ಎಕ್ಸ್‌ಟರ್ನಲ್ ಅಂತ ಕಟ್ಟತಿದ್ದವರಿಗಾದ್ರೂ ಬೇರೆ ದಾರಿ ಇತ್ತು" ಎಂದಳು ಅಮ್ಮ.

ಎಡ್ಜರ್ಟನ್ ಬಂದದ್ದು ಆ ಹೊತ್ತಿಗೆ. ವೆಲೆಸ್ಲಿ ಕಾಲೇಜಿನಲ್ಲಿ ಓದಿ, ಧೂಮಕೇತುವಿನ ಕಕ್ಷೆಯ ಲೆಕ್ಕ ಹಾಕಿದ್ದ ಹುಡುಗಿ. ಮುಂದಿನ ಕೆಲಸಕ್ಕೆ ಕೊಲಂಬಿಯಾದ ದೂರದರ್ಶಕ ಬೇಕಿತ್ತು. ಮಂಡಳಿ ಮೊದಲ ಅರ್ಜಿಯನ್ನು ತಿರಸ್ಕರಿಸಿತು. ಸುಮ್ಮನಿರಬೇಡ, ಮಂಡಳಿಯ ಒಬ್ಬೊಬ್ಬರನ್ನೂ ಮನೆಗೇ ಹೋಗಿ ಕಂಡು ಮಾತಾಡು ಎಂದು ಬರ್ನಾರ್ಡ್ ಸಲಹೆ ಕೊಟ್ಟ. ಎಡ್ಜರ್ಟನ್ ಹಾಗೇ ಮಾಡಿದಳು. ಎರಡನೇ ಸಲ ಒಪ್ಪಿಗೆ ಸಿಕ್ಕಿತು. ಜನರನ್ನು ಗುಂಪಿನಲ್ಲಿ ಒಪ್ಪಿಸುವುದಕ್ಕಿಂತ ಒಬ್ಬೊಬ್ಬರನ್ನಾಗಿ ಒಪ್ಪಿಸುವುದು ಸುಲಭ ಎಂದು ಆತನಿಗೆ ಮಿಸಿಸಿಪಿಯ ಅಧ್ಯಾಪಕರ ಸಭೆಯಲ್ಲೇ ಗೊತ್ತಾಗಿರಬೇಕು.

ಭಾನುವಾರ, ಮಾರ್ನಿಂಗ್‌ಸೈಡ್ ಹೈಟ್ಸ್

1897ರಲ್ಲಿ ಕೊಲಂಬಿಯಾ ಈ ದಿಬ್ಬಕ್ಕೆ ಬಂತು. ಬ್ರಾಡ್‌ವೇಯ ಒಂದು ಬದಿಗೆ ಕೊಲಂಬಿಯಾ, ಇನ್ನೊಂದು ಬದಿಗೆ ಮಹಿಳೆಯರ ಬರ್ನಾರ್ಡ್ ಕಾಲೇಜು. ಬೆಳಿಗ್ಗೆ ಎರಡನ್ನೂ ಸುತ್ತಿದೆವು. ಎಡ್ಜರ್ಟನ್ ನೆನಪಿಗೆ 1933ರಲ್ಲಿ ಕೊಲಂಬಿಯಾಕ್ಕೆ ಬಂದ ಭಾವಚಿತ್ರದ ಮೇಲೆ ಬರೆದಿರುವುದು, ಆಕೆ ಬಾಗಿಲು ತೆರೆದಳು ಎಂದು. ಅಮ್ಮ ಮನೆಯಲ್ಲಿ ಕೇಳಿದ ಪ್ರಶ್ನೆಗೆ ಇದು ಬೇರೆಯೇ ಉತ್ತರ. ಬಾಗಿಲು ತೆರೆದದ್ದು ಪ್ರೆಸಿಡೆಂಟಲ್ಲ, ಮನೆ ಮನೆ ಹತ್ತಿಳಿದ ಆ ಹುಡುಗಿ. ಅಮ್ಮನಿಗೆ ಇದು ಬಹಳ ಹಿಡಿಸಿತು.

ಆಕೆಯ ಪದವಿಯ ಮರುವರ್ಷ ಇನ್ನೊಂದು ಜಗಳ. ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ, ಪುಸ್ತಕಗಳಿಗೆ ದಶಮಾಂಶ ಸಂಖ್ಯೆ ಕೊಟ್ಟವನು, ಗ್ರಂಥಾಲಯ ವಿಜ್ಞಾನದ ಶಾಲೆ ತೆರೆದ. ಸೇರಿದ ಇಪ್ಪತ್ತು ಮಂದಿಯಲ್ಲಿ ಹದಿನೇಳು ಹೆಂಗಸರು. ಮಂಡಳಿ ತರಗತಿಯ ಕೋಣೆ ಕೊಡಲಿಲ್ಲ. ಸಾಮಾನು ತುಂಬಿದ್ದ ಉಗ್ರಾಣ ಗುಡಿಸಿ ಪಾಠ ಶುರುಮಾಡಿದರು.

ಬರ್ನಾರ್ಡ್ 1889ರ ಏಪ್ರಿಲ್ 27ರಂದು ತೀರಿಕೊಂಡ. ಅದೇ ಅಕ್ಟೋಬರಿನಲ್ಲಿ ಮ್ಯಾಡಿಸನ್ ಅವೆನ್ಯೂದ ಒಂದು ಬಾಡಿಗೆ ಮನೆಯಲ್ಲಿ ಮಹಿಳೆಯರ ಕಾಲೇಜು ತೆರೆಯಿತು. ಮುಂದೆ ನಿಂತು ದುಡಿದವಳು ಆನಿ ನೇಥನ್ ಮೇಯರ್. ಪಾಠವಿಲ್ಲದ ಪರೀಕ್ಷೆಯ ಆ ವ್ಯವಸ್ಥೆಯಲ್ಲೇ ಸೇರಿ ಅದರ ಕಷ್ಟ ಉಂಡವಳು. ಎಡ್ಜರ್ಟನ್ ಕೂಡ ಆ ಯತ್ನದಲ್ಲಿದ್ದಳು. ಕಾಲೇಜಿಗೆ ಬರ್ನಾರ್ಡ್ ಹೆಸರಿಟ್ಟರು. ಆದರೆ ಆತ ಕೇಳಿದ್ದು ಪಕ್ಕದಲ್ಲೊಂದು ಬೇರೆ ಕಾಲೇಜನ್ನಲ್ಲ. ಒಂದೇ ತರಗತಿಯನ್ನು ಕೇಳಿದ್ದ. ಕೊಲಂಬಿಯಾ ಕಾಲೇಜು ಪದವಿ ತರಗತಿಗೆ ಹೆಣ್ಣುಮಕ್ಕಳನ್ನು ಸೇರಿಸಿದ್ದು 1983ರಲ್ಲಿ. ವರದಿ ಬರೆದು ನೂರನಾಲ್ಕು ವರ್ಷದ ಮೇಲೆ.

1983ರಲ್ಲಿ ಅಮ್ಮ ಆಗಲೇ ಗಂಡು ಹೆಣ್ಣು ಒಟ್ಟಿಗೆ ಕೂರುವ ತರಗತಿಗೆ ಬೀಜಗಣಿತ ಕಲಿಸುತ್ತಿದ್ದಳು. ಅದನ್ನು ಅವಳೇ ನೆನಪಿಸಿದಳು, ಗಟ್ಟಿಯಾಗಿ, ಸಬ್‌ವೇ ಪ್ಲಾಟ್‌ಫಾರ್ಮಿನ ಸದ್ದಿನ ನಡುವೆ.

ಸೋಮವಾರ, ಶೆಫೀಲ್ಡ್

ಬಾಡಿಗೆ ಕಾರಿನಲ್ಲಿ ಉತ್ತರಕ್ಕೆ ಮೂರು ಗಂಟೆ. ಬರ್ಕ್‌ಶರ್ ಬೆಟ್ಟಗಳ ನೆರಳಿನ ಕಡೆ ಇನ್ನೂ ಕೊಳಕು ಹಿಮ, ರಸ್ತೆ ಬದಿಯಲ್ಲಿ ಕೆಸರು, ಹೌಸಟಾನಿಕ್ ನದಿ ತುಂಬಿತ್ತು. ಶೆ‌ಫೀಲ್ಡ್ ಒಂದೇ ದೊಡ್ಡ ಬೀದಿಯ ಊರು. ಬರ್ನಾರ್ಡ್ ಹುಟ್ಟೂರು ಎಂದು ಬಂದವರು ನಾವು. ಹಳೆಯ ಚರ್ಚಿನ ಹತ್ತಿರ ನಮ್ಮನ್ನು ನಿಲ್ಲಿಸಿದ್ದು ಒಬ್ಬ ಹೆಂಗಸಿನ ಕಂಚಿನ ಪ್ರತಿಮೆ. ಎಲಿಜಬೆತ್ ಫ್ರೀಮನ್. 2022ರ ಆಗಸ್ಟ್‌ನಲ್ಲಿ ನಿಲ್ಲಿಸಿದ್ದು.

ಫ್ರೀಮನ್ ಈ ಊರಿನ ಜಾನ್ ಆಶ್ಲಿ ಎಂಬ ಸಿರಿವಂತನ ಮನೆಯಲ್ಲಿ ಗುಲಾಮಳಾಗಿದ್ದಳು. ಆಗ ಬೆಟ್ ಎಂದು ಕರೆಯುತ್ತಿದ್ದರು, ಅಡ್ಡಹೆಸರಿಲ್ಲ. ಮನೆಯೊಡತಿ ಬೆಂಕಿಯಲ್ಲಿ ಕಾದ ಸಲಿಕೆ ಬೀಸಿದಾಗ ಇನ್ನೊಬ್ಬಳಿಗೆ ಬೀಳುವ ಏಟಿಗೆ ತೋಳು ಕೊಟ್ಟು ಗಾಯ ಮಾಡಿಕೊಂಡಳೆಂದು ಹೇಳುತ್ತಾರೆ. ಮ್ಯಾಸಚೂಸೆಟ್ಸ್‌ನ ಹೊಸ ಸಂವಿಧಾನ ಬಂದಿತ್ತು, ಎಲ್ಲರೂ ಹುಟ್ಟಿನಿಂದ ಸ್ವತಂತ್ರರು, ಸಮಾನರು ಎಂದಿತ್ತು. ಆ ಮಾತು ತನಗೂ ಸಲ್ಲಬೇಕಲ್ಲ ಎಂದು ಆಕೆ ವಕೀಲ ಥಿಯೋಡರ್ ಸೆಜ್‌ವಿಕ್ ಹತ್ತಿರ ಹೋದಳು. 1781ರ ಆಗಸ್ಟ್‌ನಲ್ಲಿ ಪಕ್ಕದೂರು ಗ್ರೇಟ್ ಬ್ಯಾರಿಂಗ್‌ಟನ್ ನ್ಯಾಯಾಲಯದಲ್ಲಿ ಜ್ಯೂರಿ ಆಕೆಯ ಪರ ತೀರ್ಪು ಕೊಟ್ಟಿತು. ಬಿಡುಗಡೆ, ಜೊತೆಗೆ ಮೂವತ್ತು ಶಿಲ್ಲಿಂಗ್ ಪರಿಹಾರ. ಆಮೇಲೆ ಫ್ರೀಮನ್ ಎಂಬ ಹೆಸರನ್ನು ಆಕೆಯೇ ಇಟ್ಟುಕೊಂಡಳು.

ಅದಾಗಿ ಇಪ್ಪತ್ತೆಂಟು ವರ್ಷಕ್ಕೆ ಇದೇ ಊರಿನಲ್ಲಿ ಬರ್ನಾರ್ಡ್ ಹುಟ್ಟಿದ. ಫ್ರೀಮನ್ ತೀರಿಕೊಂಡದ್ದು 1829ರಲ್ಲಿ, ಹತ್ತಿರದ ಸ್ಟಾಕ್‌ಬ್ರಿಜ್‌ನಲ್ಲಿ, ಸ್ವಂತ ದುಡಿಮೆಯಿಂದ ಮಾಡಿಕೊಂಡ ಮನೆಯಲ್ಲಿ. ಆಗ ಬರ್ನಾರ್ಡ್ ಯೇಲ್ ಮುಗಿಸಿದ್ದ.

"ಹಾಗಾದ್ರೆ ಅವನಿಗೆ ಗೊತ್ತಿತ್ತು" ಎಂದಳು ಅಮ್ಮ, ಪ್ರತಿಮೆಯ ಪೀಠದ ಬರಹ ಓದಿ ಮುಗಿಸಿ.

"ಇಷ್ಟು ಸಣ್ಣ ಊರಲ್ಲಿ ಗೊತ್ತಿರದೆ ಇರೋಕೆ ಸಾಧ್ಯವಿಲ್ಲಮ್ಮ. ಜೇನ್ ಮಾತು ನಂಬಿದ್ದು ಅದಕ್ಕೇ ಇರಬಹುದು."

"ನಂಬೋದು ಹೇಗೆ ಅಂತ ಇಲ್ಲಿ ಕಲಿತ. ಬಿಡೋದು ಹೇಗೆ ಅಂತಾನೂ ಇಲ್ಲೇ ಇತ್ತಲ್ಲೇ. ಅದನ್ಯಾಕೆ ಕಲೀಲಿಲ್ಲ?"

ಎಡ್ಜರ್ಟನ್‌ಗಾಗಿ, 1879ರ ವರದಿಗಾಗಿ, ಕಿವಿ ಕೇಳದಿದ್ದರೂ ಇಪ್ಪತ್ತೈದು ವರ್ಷ ಹಟ ಬಿಡದೆ ನಡೆಸಿದ್ದಕ್ಕಾಗಿ ಬರ್ನಾರ್ಡ್ ಮೇಲೆ ನನಗಿರುವ ಗೌರವ ಹೋಗಿಲ್ಲ, ಅದನ್ನು ಹೇಳಿದೆ. ಅಮ್ಮನೂ ಇಲ್ಲವೆನ್ನಲಿಲ್ಲ. ಆದರೆ ಬರ್ನಾರ್ಡ್ ಮನೆತನದ ಗುರುತು ಹುಡುಕುತ್ತ ಮಧ್ಯಾಹ್ನ ಕಳೆಯುವ ಯೋಜನೆಯನ್ನು ಅವಳು ಅಲ್ಲೇ ರದ್ದು ಮಾಡಿದಳು. ಆಶ್ಲಿ ಮನೆ ಈಗಲೂ ಇದೆ, 1735ರಲ್ಲಿ ಕಟ್ಟಿದ್ದು. ಊರಿನಿಂದ ಸ್ವಲ್ಪ ದಕ್ಷಿಣಕ್ಕೆ ಹೋಗಬೇಕು. ಈ ಋತುವಿನಲ್ಲಿ ಒಳಗೆ ಬಿಡುವುದಿಲ್ಲ. ಹೊರಗಿನಿಂದ ನೋಡಿಕೊಂಡು, ಅಲ್ಲಿಂದ ಸ್ಟಾಕ್‌ಬ್ರಿಜ್‌ಗೆ ಕಾರು ತಿರುಗಿಸಿದೆವು. ಫ್ರೀಮನ್ ಸಮಾಧಿ ಅಲ್ಲಿ ಸೆಜ್‌ವಿಕ್ ಕುಟುಂಬದವರ ಸಮಾಧಿಗಳ ನಡುವೆಯೇ ಇದೆ, ಕಲ್ಲಿನ ಮೇಲೆ ಆಕೆಯ ಹೆಸರಿದೆ.